ಬಂಗಾರ ಅಡವಿಟ್ಟ ವರ್ಷ: ಹೊಣೆ ಯಾರದು?



ತಣಿಸಂದ್ರದ ಒಂದು ಸಂಸಾರವನ್ನು ಮನಸ್ಸಿನಲ್ಲಿ ಕಲ್ಪಿಸಿಕೊಳ್ಳಿ. ಯಜಮಾನರು ಆಟೋ ಓಡಿಸುತ್ತಾರೆ. ಅವರ ಹೆಂಡತಿ ಮನೆಯಲ್ಲೇ ಬಟ್ಟೆ ಹೊಲಿದು ನಾಲ್ಕು ಕಾಸು ಸಂಪಾದಿಸುತ್ತಾರೆ. ಮಗಳು ಪಿಯುಸಿ ಓದುತ್ತಿದ್ದಾಳೆ. ಒಂದು ತಿಂಗಳು ಮನೆ ಬಾಡಿಗೆ, ಕಾಲೇಜು ಫೀಸು, ಆಸ್ಪತ್ರೆ ಖರ್ಚು ಎಲ್ಲ ಒಟ್ಟಿಗೆ ಬಂದವು. ಆಟೋ ಬೇರೆ ರಿಪೇರಿಗೆ ನಿಂತಿತು. ಅಮ್ಮನ ಎರಡೆಳೆ ಸರ ಗಿರವಿ ಅಂಗಡಿ ಸೇರಿತು.

ಆ ರಾತ್ರಿ ಆ ಮನೆಯಲ್ಲಿ ಏನು ಮಾತು ನಡೆದೀತು? "ನಿಮ್ಮ ತಮ್ಮನಿಗೆ ಕೊಟ್ಟ ಕೈಸಾಲ ವಾಪಸ್ಸು ಬಂದಿದ್ದರೆ ಹೀಗಾಗುತ್ತಿತ್ತೇ" ಎಂದು ಆಕೆ. "ನೀನು ಕಟ್ಟಿದ ಚೀಟಿ ಮುಳುಗಿದ್ದು ಯಾರಿಂದ" ಎಂದು ಆತ. "ಈ ಹೊಸ ಟೀವಿ ಕಂತಿನಲ್ಲಿ ಯಾಕೆ ತರಬೇಕಿತ್ತು" ಎಂದು ಮಗಳು. ಪ್ರತಿಯೊಬ್ಬರ ಮಾತಿನಲ್ಲೂ ಸ್ವಲ್ಪ ಸತ್ಯವಿದೆ. ಯಾರ ಮಾತೂ ಪೂರ್ತಿ ಸತ್ಯವಲ್ಲ. ಮೂಲೆಯಲ್ಲಿ ಕುಳಿತ ಅಜ್ಜಿ ಇಷ್ಟನ್ನೂ ಕೇಳಿಸಿಕೊಂಡು, "ಅದೆಲ್ಲಾ ಸರಿ, ಸರ ಬಿಡಿಸ್ಕೊಂಡು ಬರೋದು ಯಾವಾಗ?" ಎನ್ನುತ್ತಾರೆ.

1991ರಲ್ಲಿ ನಮ್ಮ ದೇಶದ ಸ್ಥಿತಿ ಇದೇ ಆಗಿತ್ತು. ಆ ವರ್ಷದ ಜುಲೈ ತಿಂಗಳಲ್ಲಿ ಭಾರತೀಯ ರಿಸರ್ವ್ ಬ್ಯಾಂಕು ತನ್ನ ಖಜಾನೆಯಿಂದ ಸುಮಾರು 47 ಟನ್ ಬಂಗಾರವನ್ನು ಹೊರದೇಶಕ್ಕೆ ಕಳಿಸಿತು. ಅದನ್ನು ಬ್ಯಾಂಕ್ ಆಫ್ ಇಂಗ್ಲೆಂಡ್ ಮತ್ತು ಬ್ಯಾಂಕ್ ಆಫ್ ಜಪಾನ್‌ಗಳ ಬಳಿ ಅಡವಿಟ್ಟು ಪಡೆದ ಸಾಲ 40.5 ಕೋಟಿ ಡಾಲರ್. ಇದಕ್ಕೂ ಮೊದಲು ಮೇ ತಿಂಗಳಲ್ಲಿ, ಕಳ್ಳಸಾಗಣೆದಾರರಿಂದ ವಶಪಡಿಸಿಕೊಂಡಿದ್ದ 20 ಟನ್ ಬಂಗಾರವನ್ನು ಸ್ಟೇಟ್ ಬ್ಯಾಂಕಿನ ಮೂಲಕ ಸ್ವಿಟ್ಜರ್‌ಲೆಂಡಿನ ಬ್ಯಾಂಕೊಂದಕ್ಕೆ, ಮತ್ತೆ ಕೊಳ್ಳುವ ಹಕ್ಕು ಉಳಿಸಿಕೊಂಡು, ಮಾರಲಾಗಿತ್ತು. 47 ಟನ್ ಎಂದರೆ ಎಷ್ಟೆಂದು ಹೊಳೆಯದಿದ್ದರೆ ಹೀಗೆ ಲೆಕ್ಕ ಹಾಕಿ: ಹತ್ತು ಗ್ರಾಮಿನ ಸರಗಳಾಗಿ ಮಾಡಿದರೆ 47 ಲಕ್ಷ ಸರಗಳು.

ಇಷ್ಟು ಬಂಗಾರಕ್ಕೆ ಸಿಕ್ಕ ಆ ಹಣ ಎಷ್ಟು ದಿನಕ್ಕೆ ಸಾಕಾಗುತ್ತಿತ್ತು? 1990–91ರಲ್ಲಿ ಭಾರತ ಹೊರಗಿನಿಂದ ತರಿಸಿಕೊಂಡ ಸರಕಿನ ಬೆಲೆ ಸುಮಾರು 2400 ಕೋಟಿ ಡಾಲರ್. ಹೊರಗೆ ಮಾರಿದ್ದು ಸುಮಾರು 1800 ಕೋಟಿ ಡಾಲರ್. ನೀವೇ ಭಾಗಿಸಿ ನೋಡಿ, ಬಂಗಾರ ಅಡವಿಟ್ಟು ತಂದ ಹಣ ಒಂದು ವಾರದ ಆಮದಿಗೂ ಸಾಲದು. ಹಾಗಾದರೆ ಏಕೆ ಇಟ್ಟರು? ಹೇಳಿದ ತಾರೀಖಿಗೆ ಸಾಲದ ಕಂತು ಕಟ್ಟುವ ದೇಶ ಎಂಬ ಹೆಸರು ಉಳಿಯಬೇಕಿತ್ತು. ಸ್ವತಂತ್ರ ಭಾರತ ಒಮ್ಮೆಯೂ ಹೊರದೇಶದ ಸಾಲಕ್ಕೆ ಕೈ ಎತ್ತಿರಲಿಲ್ಲ. ಅದೊಂದು ಹೋದರೆ ಮುಂದೆ ಎಣ್ಣೆ ತರುವ ಹಡಗೂ ಬರುವುದಿಲ್ಲ. ಸಾಲಗಾರನಿಗೆ ಮಾನವೇ ಬಂಡವಾಳ ಎಂದು ನಮ್ಮ ಹಳ್ಳಿಯ ಹಿರಿಯರು ಹೇಳುವುದು ಸುಮ್ಮನೆ ಅಲ್ಲ.

ಇಲ್ಲಿ ನಿಮ್ಮಲ್ಲಿ ಕೆಲವರಿಗೆ ಅನುಮಾನ ಬರಬಹುದು. ನೋಟು ಮುದ್ರಿಸುವುದು ನಮ್ಮ ಕೈಯಲ್ಲೇ ಇದೆಯಲ್ಲ, ಮುದ್ರಿಸಿ ಕೊಟ್ಟರಾಯಿತು ಎಂದು. ಕುವೈತಿನ ಎಣ್ಣೆ ವ್ಯಾಪಾರಿಗೆ ನಮ್ಮ ರೂಪಾಯಿ ಬೇಡ. ಅವನಿಗೆ ಡಾಲರು ಬೇಕು. ಡಾಲರು ನಮಗೆ ಸಿಗುವುದು ನಾವು ಹೊರಗೆ ಏನಾದರೂ ಮಾರಿದರೆ, ಹೊರಗೆ ದುಡಿಯುವ ನಮ್ಮವರು ಕಳಿಸಿದರೆ, ಇಲ್ಲವೇ ಯಾರಾದರೂ ಸಾಲ ಕೊಟ್ಟರೆ. ಹೀಗೆ ಬಂದ ಡಾಲರನ್ನು ಕೂಡಿಡುವ ಜಾಗವೇ ವಿದೇಶಿ ವಿನಿಮಯ ಸಂಗ್ರಹ. ತಣಿಸಂದ್ರದವರಿಗೆ ಹೇಳುವುದು ಸುಲಭ, ಪಕ್ಕದಲ್ಲೇ ರಾಚೇನಹಳ್ಳಿ ಕೆರೆ ಇದೆ. ಮೇಲಿನ ಜಕ್ಕೂರು ಕೆರೆ ಕೋಡಿ ಬಿದ್ದರೆ ಇದಕ್ಕೆ ನೀರು. ಮಳೆ ಬಂದಾಗ ತುಂಬಿಕೊಂಡು, ಮಳೆ ಹೋದಾಗ ತೂಬು ಎತ್ತಿ ಬಳಸುವುದು ಕೆರೆಯ ಕೆಲಸ. 1991ರ ಜನವರಿಯಲ್ಲಿ ನಮ್ಮ ಡಾಲರಿನ ಕೆರೆಯಲ್ಲಿ ಉಳಿದದ್ದು ಸುಮಾರು 120 ಕೋಟಿ. ಜೂನ್ ಹೊತ್ತಿಗೆ ಮೂರು ವಾರದ ಆಮದಿಗೂ ಸಾಲದ ಸ್ಥಿತಿ. ಜನವರಿಯಲ್ಲೇ ಅಂತರರಾಷ್ಟ್ರೀಯ ಹಣಕಾಸು ನಿಧಿಯಿಂದ ಸುಮಾರು 180 ಕೋಟಿ ಡಾಲರು ತಂದಿದ್ದರೂ ಹೀಗೆ.

ಇನ್ನು ಹೊಣೆಯ ಮಾತು.

ಆ ದಿನಗಳಲ್ಲಿ ಎಲ್ಲರೂ ಮೊದಲು ಬೆರಳು ತೋರಿಸಿದ್ದು ಸದ್ದಾಂ ಹುಸೇನ್ ಕಡೆಗೆ. 1990ರ ಆಗಸ್ಟ್ 2ರಂದು ಇರಾಕಿನ ಸೈನ್ಯ ಕುವೈತಿಗೆ ನುಗ್ಗಿತು. ಕಚ್ಚಾ ಎಣ್ಣೆಯ ಬೆಲೆ ಕೆಲವೇ ವಾರಗಳಲ್ಲಿ ಎರಡು ಪಟ್ಟಿಗೂ ಹೆಚ್ಚಾಯಿತು. ಅಲ್ಲಿ ದುಡಿಯುತ್ತಿದ್ದ ಭಾರತೀಯರು ಬರಿಗೈಯಲ್ಲಿ ಮನೆಗೆ ಬಂದರು. 1,70,000ಕ್ಕೂ ಹೆಚ್ಚು ಮಂದಿಯನ್ನು ವಿಮಾನಗಳಲ್ಲಿ ಕರೆತರಲಾಯಿತು; ಅವರಲ್ಲಿ ನಮ್ಮ ದಕ್ಷಿಣ ಕನ್ನಡದವರೂ ಇದ್ದರು. ಕಳಿಸುವ ಹಣ ನಿಂತಿತು, ಕೊಳ್ಳುವ ಎಣ್ಣೆ ತುಟ್ಟಿಯಾಯಿತು. ಸೋವಿಯತ್ ಒಕ್ಕೂಟ ಕುಸಿಯುತ್ತಿದ್ದುದರಿಂದ ಅಲ್ಲಿನ ನಮ್ಮ ವ್ಯಾಪಾರವೂ ಬಿತ್ತು.

ಇದೆಲ್ಲ ನಿಜವೇ. ಆದರೆ ಯುದ್ಧದ ಗಾಳಿ ಬೀಸಿದ್ದು ನಮ್ಮ ಮನೆಗೆ ಮಾತ್ರವೇ? ಎಣ್ಣೆ ಕೊಳ್ಳುವ ಎಷ್ಟೋ ದೇಶಗಳು ಬಂಗಾರ ಅಡವಿಡದೆ ಆ ವರ್ಷ ದಾಟಿದವು. ಗಾಳಿಗೆ ಬಿದ್ದ ಗೋಡೆಯನ್ನು ನೋಡುವಾಗ ಗೋಡೆ ಮೊದಲೇ ಬಿರುಕು ಬಿಟ್ಟಿತ್ತೇ ಎಂದೂ ನೋಡಬೇಕಾಗುತ್ತದೆ. ಬಿರುಕು ಬಿಟ್ಟಿತ್ತು. 1980ರ ಸುಮಾರಿಗೆ 2000 ಕೋಟಿ ಡಾಲರ್‌ನಷ್ಟಿದ್ದ ನಮ್ಮ ವಿದೇಶಿ ಸಾಲ 1991ರ ಮಾರ್ಚ್ ವೇಳೆಗೆ ಸುಮಾರು 8400 ಕೋಟಿ ಡಾಲರ್ ಆಗಿತ್ತು. ಕೇಂದ್ರ ಸರ್ಕಾರದ ವಿತ್ತೀಯ ಕೊರತೆ, ಅಂದರೆ ಆದಾಯಕ್ಕಿಂತ ಹೆಚ್ಚು ಮಾಡಿ ಸಾಲದಿಂದ ತುಂಬಿದ ಖರ್ಚು, ರಾಷ್ಟ್ರೀಯ ಉತ್ಪನ್ನದ ಶೇ. 8ರ ಆಸುಪಾಸಿನಲ್ಲಿತ್ತು. ಸಾಲದಲ್ಲೂ ಒಂದು ಪಾಲು ಅಲ್ಪಾವಧಿಯದು, ಅಂದರೆ ಆರು ತಿಂಗಳಿಗೋ ವರ್ಷಕ್ಕೋ ತೀರಿಸಬೇಕಾದದ್ದು. ಹತ್ತು ವರ್ಷಕ್ಕೆ ಫಲ ಕೊಡುವ ಕೆಲಸಕ್ಕೆ ಆರು ತಿಂಗಳ ಸಾಲ ತಂದರೆ ಏನಾಗುತ್ತದೆ? ಮೀಟರ್ ಬಡ್ಡಿಗೆ ಹಣ ತಂದು ಮನೆ ಕಟ್ಟಿಸಿದವನನ್ನು ನೀವು ನೋಡಿದ್ದರೆ ಅರ್ಥವಾಗುತ್ತದೆ.

ಹಾಗೆಂದು ಎಂಬತ್ತರ ದಶಕವನ್ನೇ ಹಾಳು ದಶಕ ಎನ್ನಲು ನಾನು ತಯಾರಿಲ್ಲ. ಆ ಹತ್ತು ವರ್ಷಗಳಲ್ಲಿ ದೇಶ ವರ್ಷಕ್ಕೆ ಸರಾಸರಿ ಶೇ. 5ಕ್ಕೂ ಮಿಕ್ಕಿ ಬೆಳೆಯಿತು. ಹಿಂದಿನ ದಶಕಗಳಲ್ಲಿ ಅಷ್ಟು ಬೆಳೆದಿರಲಿಲ್ಲ. ಸಾಲದಿಂದ ಬೆಳೆದೆವು ಎಂಬುದು ಸರಿ, ಆದರೆ ಬೆಳೆದದ್ದೂ ಸುಳ್ಳಲ್ಲ. ಆ ಬೆಳವಣಿಗೆಯಿಂದ ಡಾಲರು ಮಾತ್ರ ಹುಟ್ಟಲಿಲ್ಲ. ಲೈಸೆನ್ಸು, ಪರ್ಮಿಟ್ಟು, ಎತ್ತರದ ಆಮದು ಸುಂಕ ಇವುಗಳ ಬೇಲಿಯೊಳಗೆ ಬೆಳೆದ ಕಾರ್ಖಾನೆಗೆ ಊರೊಳಗೆ ಮಾರುವುದೇ ಸುಖವಾಗಿತ್ತು. ಹೊರಗೆ ಮಾರುವ ದರ್ದು ಇರಲಿಲ್ಲ.

ರಾಜಕೀಯದವರ ಪಾಲೂ ಉಂಟು. 1989ರ ಡಿಸೆಂಬರಿನಿಂದ 1991ರ ಜೂನ್‌ವರೆಗಿನ ಒಂದೂವರೆ ವರ್ಷದಲ್ಲಿ ವಿ.ಪಿ. ಸಿಂಗ್, ಚಂದ್ರಶೇಖರ್, ಪಿ.ವಿ. ನರಸಿಂಹ ರಾವ್ ಹೀಗೆ ಮೂವರು ಪ್ರಧಾನಿಗಳಾದರು. 1991ರ ಫೆಬ್ರವರಿಯಲ್ಲಿ ಪೂರ್ಣ ಬಜೆಟ್ಟನ್ನೇ ಮಂಡಿಸಲಾಗಲಿಲ್ಲ. ಮೇ 21ರಂದು ಚುನಾವಣೆಯ ನಡುವೆಯೇ ರಾಜೀವ್ ಗಾಂಧಿಯವರ ಹತ್ಯೆಯಾಯಿತು. ಮನೆಯಲ್ಲಿ ಯಜಮಾನಿಕೆಗೆ ಜಗಳವಾದರೆ ಸಾಲ ಕೊಟ್ಟವರು ಬಾಗಿಲಿಗೆ ಬಂದು ನಿಲ್ಲುತ್ತಾರೆ. ಹಾಗೇ ಆಯಿತು. ಹೊರಗಿನ ಬ್ಯಾಂಕುಗಳು ಸಾಲ ನವೀಕರಿಸಲು ಹಿಂದೆಗೆದವು. ಅನಿವಾಸಿ ಭಾರತೀಯರು ಏಪ್ರಿಲ್‌ನಿಂದ ಜೂನ್‌ವರೆಗಿನ ಮೂರೇ ತಿಂಗಳಲ್ಲಿ ನಿವ್ವಳ 95 ಕೋಟಿ ಡಾಲರ್‌ನಷ್ಟು ಠೇವಣಿ ಹಿಂದಕ್ಕೆ ಪಡೆದರು. ಬಂಗಾರ ಅಡವಿಟ್ಟು ತಂದದ್ದರ ಎರಡು ಪಟ್ಟಿಗೂ ಹೆಚ್ಚು ಇದು. ಅವರನ್ನು ದೇಶದ್ರೋಹಿಗಳೆಂದು ಬೈದವರಿದ್ದರು. ಬ್ಯಾಂಕು ಮುಳುಗುತ್ತದೆಂಬ ಸುದ್ದಿ ಬಂದರೆ ನಾವು ನೀವು ಮಾಡುವುದನ್ನೇ ಅವರೂ ಮಾಡಿದರು, ಅಷ್ಟೆ.

ನನ್ನ ಅಭಿಪ್ರಾಯ ಕೇಳುವಿರಾದರೆ, ಯುದ್ಧ ಒಂದು ನೆಪ. ಕಾರಣ ನಾವೇ ಬೆಳೆಸಿಕೊಂಡ ಅಭ್ಯಾಸ. 'ನಾವು' ಎಂದೆ. ಆದರೆ ಈ 'ನಾವು' ಎಂಬ ಪದವನ್ನು ಎಚ್ಚರದಿಂದ ಬಳಸಬೇಕು. ಎಲ್ಲರೂ ಹೊಣೆ ಎಂದರೆ ಯಾರೂ ಹೊಣೆಯಲ್ಲ ಎಂದಂತೆ. ತಣಿಸಂದ್ರ ಆಗ ಬೆಂಗಳೂರಿನ ಹೊರಗಿನ ಹಳ್ಳಿ. ಅಂಥ ಹಳ್ಳಿಯ ಕೂಲಿ ಹೆಂಗಸು ವಿದೇಶಿ ಸಾಲದ ಕಾಗದಕ್ಕೆ ರುಜು ಹಾಕಿರಲಿಲ್ಲ. ರುಜು ಹಾಕಿದವರಿಗೆ, ಸಾಲ ಏರುತ್ತಿದ್ದುದು ಗೊತ್ತಿದ್ದೂ ಮುಂದಿನ ಸರ್ಕಾರ ನೋಡಿಕೊಳ್ಳಲಿ ಎಂದು ಮುಂದೂಡಿದವರಿಗೆ ಹೊಣೆ ಹೆಚ್ಚು.

ಹೊಣೆಗಾರರನ್ನು ಹುಡುಕುವ ಕೆಲಸ ಬೀದಿಗೆ ಬಿದ್ದರೆ ಏನಾಗುತ್ತದೆಂದು ಬೆಂಗಳೂರು ಅದೇ ವರ್ಷ ಕಂಡಿತು. 1991ರ ಡಿಸೆಂಬರಿನಲ್ಲಿ ಕಾವೇರಿ ನ್ಯಾಯಮಂಡಳಿಯ ಮಧ್ಯಂತರ ತೀರ್ಪು ಕೇಂದ್ರದ ರಾಜಪತ್ರದಲ್ಲಿ ಪ್ರಕಟವಾದಾಗ ನಡೆದ ಗಲಭೆಯಲ್ಲಿ ತಮಿಳು ಮಾತಾಡುವ ಕೂಲಿ ಕುಟುಂಬಗಳ ಮೇಲೆ ದಾಳಿಗಳಾದವು, ಜೀವಗಳು ಹೋದವು. ಅದರ ಕಾರಣ ನೀರು, ಡಾಲರಲ್ಲ. ಎರಡನ್ನೂ ಒಂದೇ ಎಂದು ನಾನು ಹೇಳುತ್ತಿಲ್ಲ. ಆದರೆ ಪೆಟ್ಟು ತಿಂದವರು ಯಾವ ತೀರ್ಪನ್ನೂ ಬರೆದಿರಲಿಲ್ಲ. ಕಷ್ಟ ಬಂದಾಗ ಕೈಗೆ ಸಿಕ್ಕವನೇ ತಪ್ಪಿತಸ್ಥನಾಗಿ ಕಾಣುತ್ತಾನೆ. ನಿಮ್ಮ ವಯಸ್ಸಿನಲ್ಲಿ ಈ ಮಾತು ನೆನಪಿರಬೇಕು.

ಆ ಬಿಕ್ಕಟ್ಟಿನಿಂದ ಹೊರಬಂದದ್ದು ಹೇಗೆಂದು ಈಗ ನೋಡೋಣ. ಜೂನ್ 21ರಂದು ನರಸಿಂಹ ರಾವ್ ಪ್ರಧಾನಿಯಾದರು. ಅವರದು ಬಹುಮತವಿಲ್ಲದ ಸರ್ಕಾರ. ರಾಜಕಾರಣಿಯಲ್ಲದ, ಅರ್ಥಶಾಸ್ತ್ರಜ್ಞರಾದ ಮನಮೋಹನ್ ಸಿಂಗ್ ಅವರನ್ನು ಹಣಕಾಸು ಮಂತ್ರಿ ಮಾಡಿದರು. ಜುಲೈ 1 ಮತ್ತು 3ರಂದು ಎರಡು ಹಂತದಲ್ಲಿ ರೂಪಾಯಿಯ ಬೆಲೆ ಇಳಿಸಲಾಯಿತು. ಸುಮಾರು 21 ರೂ. ಇದ್ದ ಡಾಲರು 26 ರೂ. ಹತ್ತಿರ ಬಂತು. ಇದನ್ನು ಅಪಮೌಲ್ಯ ಎನ್ನುತ್ತಾರೆ. ನಮ್ಮ ಸರಕು ಹೊರಗಿನವರಿಗೆ ಅಗ್ಗವಾಗಲಿ, ಹೊರಗಿನ ಸರಕು ನಮಗೆ ತುಟ್ಟಿಯಾಗಲಿ ಎಂಬುದು ಉದ್ದೇಶ. ಮೊದಲ ಹಂತದ ನಂತರ ಪ್ರಧಾನಿಗೆ ಅಳುಕು ಬಂದು ಎರಡನೆಯದನ್ನು ತಡೆಯಲು ಹೇಳಿದರಂತೆ. ಆ ಮಾತು ರಿಸರ್ವ್ ಬ್ಯಾಂಕಿನ ಉಪ ಗವರ್ನರ್ ಸಿ. ರಂಗರಾಜನ್ ಅವರನ್ನು ತಲುಪುವಷ್ಟರಲ್ಲಿ ಕೆಲಸ ಮುಗಿದಿತ್ತು.

ಜುಲೈ 24ರಂದು ಒಂದೇ ದಿನ ಹೊಸ ಕೈಗಾರಿಕಾ ನೀತಿಯೂ ಬಜೆಟ್ಟೂ ಬಂದವು. 18 ಉದ್ದಿಮೆಗಳನ್ನು ಬಿಟ್ಟು ಉಳಿದವುಗಳಿಗೆ ಲೈಸೆನ್ಸು ಬೇಡವೆಂದಾಯಿತು. ಪೆಟ್ರೋಲು ಮತ್ತು ಅಡುಗೆ ಅನಿಲದ ಬೆಲೆ ಶೇ. 20 ಏರಿತು. ಬಡವರು ಉರಿಸುವ ಸೀಮೆಎಣ್ಣೆಯ ಬೆಲೆಯನ್ನು ಶೇ. 10 ಇಳಿಸಿದರು, ಅದನ್ನೂ ಹೇಳಬೇಕು. ರಸಗೊಬ್ಬರಕ್ಕೆ ಶೇ. 40 ಏರಿಸಿ, ಸಂಸತ್ತಿನಲ್ಲಿ ಗದ್ದಲವಾದ ಮೇಲೆ 30ಕ್ಕೆ ಇಳಿಸಿದರು. ವಿತ್ತೀಯ ಕೊರತೆ ಶೇ. 8ರ ಮಟ್ಟದಿಂದ ಮರುವರ್ಷ 6ರ ಆಸುಪಾಸಿಗೆ ಬಂತು. 1994ರ ಮಾರ್ಚ್ ಹೊತ್ತಿಗೆ ವಿದೇಶಿ ವಿನಿಮಯ ಸಂಗ್ರಹ ಸುಮಾರು 1900 ಕೋಟಿ ಡಾಲರಿಗೆ ಏರಿತ್ತು. ಕೆರೆ ತುಂಬಿತು ಎನ್ನಬಹುದು.

ಆದರೆ ಕೆರೆ ತುಂಬುವವರೆಗೆ ಬಾಯಾರಿದವರು ಯಾರು? ಈ ಪ್ರಶ್ನೆ ಪಠ್ಯಪುಸ್ತಕದಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. 1991ರ ಆಗಸ್ಟಿನಲ್ಲಿ ಬೆಲೆಯೇರಿಕೆ ಶೇ. 16ರಿಂದ 17ರಷ್ಟಿತ್ತು. ಸರ್ಕಾರಿ ನೌಕರನಿಗೆ ತುಟ್ಟಿಭತ್ಯೆ ಉಂಟು. ದಿನಗೂಲಿಯವನಿಗೆ, ಹೂ ಮಾರುವವಳಿಗೆ, ಸಣ್ಣ ಅಂಗಡಿಯ ಗುಮಾಸ್ತನಿಗೆ ಯಾವ ಭತ್ಯೆ? ಅವನ ನೂರು ರೂಪಾಯಿ ವರ್ಷದಲ್ಲಿ 85 ರೂಪಾಯಿಯಾಯಿತು, ಯಾರೂ ಅವನ ಜೇಬಿಗೆ ಕೈ ಹಾಕಲಿಲ್ಲ. ಆಮದಿಗೆ ಕಡಿವಾಣ ಹಾಕಿದ್ದರಿಂದ ಬಿಡಿಭಾಗ ಸಿಗದೆ ಯಂತ್ರಗಳು ನಿಂತವು. ಆ ಆರ್ಥಿಕ ವರ್ಷದಲ್ಲಿ ದೇಶದ ಬೆಳವಣಿಗೆ ಶೇ. 1.5ಕ್ಕೂ ಕೆಳಗೆ ಬಿತ್ತು. ಸಾಲ ಮಾಡಿದವರು ಒಬ್ಬರು, ಬಡ್ಡಿ ಕಟ್ಟಿದವರು ಇನ್ನೊಬ್ಬರು.

ನಮ್ಮ ಉತ್ತರ ಬೆಂಗಳೂರಿನ ಕಥೆಯೂ ಇಲ್ಲಿಗೆ ಸೇರುತ್ತದೆ. ಯಶವಂತಪುರದ ಆಚೆ ಜಾಲಹಳ್ಳಿಯಲ್ಲಿ 1953ರಲ್ಲಿ ಆರಂಭವಾದ ಎಚ್‌ಎಂಟಿ, ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ 1961ರಲ್ಲಿ ಕೈಗಡಿಯಾರ ಮಾಡತೊಡಗಿತು. ಒಂದು ಕಾಲಕ್ಕೆ ಮದುವೆಯಲ್ಲಿ ಅಳಿಯನಿಗೆ ಎಚ್‌ಎಂಟಿ ವಾಚು ಕಟ್ಟದಿದ್ದರೆ ಬೀಗರು ಮುಖ ಊದಿಸಿಕೊಳ್ಳುತ್ತಿದ್ದರು. 2016ರ ಜನವರಿಯಲ್ಲಿ ಕೇಂದ್ರ ಸಂಪುಟ ಎಚ್‌ಎಂಟಿ ವಾಚಸ್ ಮುಚ್ಚಲು ಒಪ್ಪಿಗೆ ಕೊಟ್ಟಿತು. 1991ರ ಉದಾರೀಕರಣವೇ ಇದನ್ನು ಕೊಂದಿತು ಎನ್ನುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಎಂಬತ್ತರ ದಶಕದ ಆರಂಭದಲ್ಲೇ ಎಚ್‌ಎಂಟಿ ಕ್ವಾರ್ಟ್ಜ್ ವಾಚು ಮಾಡಿತ್ತು. ಆದರೂ ಕೀಲಿ ಕೊಡುವ ವಾಚನ್ನೇ ಹೆಚ್ಚಾಗಿ ನಂಬಿ ಕುಳಿತಿತು. 1984ರಲ್ಲಿ ಟಾಟಾ ಸಂಸ್ಥೆ ಮತ್ತು ತಮಿಳುನಾಡು ಸರ್ಕಾರದ ನಿಗಮ ಸೇರಿ ಕಟ್ಟಿದ ಟೈಟಾನ್ ಹೊಸೂರಿನಿಂದ ಕ್ವಾರ್ಟ್ಜ್ ವಾಚು ತಂದು ಮಾರುಕಟ್ಟೆ ಹಿಡಿದದ್ದು 1991ಕ್ಕೆ ಮೊದಲೇ. ಕಾಲ ತೋರಿಸುವ ಕಂಪನಿಗೆ ಕಾಲ ಬದಲಾದದ್ದು ಕಾಣಲಿಲ್ಲ. ಅದಕ್ಕೆ ಹೊಣೆ ಮೇಜಿನ ಮುಂದೆ ಭೂತಗನ್ನಡಿ ಕಣ್ಣಿಗಿಟ್ಟು ಚಕ್ರ ಜೋಡಿಸುತ್ತಿದ್ದ ಕಾರ್ಮಿಕನೇ? ಅಲ್ಲ. ಕೆಲಸ ಹೋದದ್ದು ಮಾತ್ರ ಅವನದು.

ಅದೇ 1991ರ ನೀತಿಯ ಇನ್ನೊಂದು ಫಲ ತಣಿಸಂದ್ರದ ಪಕ್ಕದಲ್ಲೇ, ನಾಗವಾರದಲ್ಲಿ ಎದ್ದು ನಿಂತಿದೆ. ಆ ವರ್ಷವೇ ಕೇಂದ್ರದ ಸಾಫ್ಟ್‌ವೇರ್ ಟೆಕ್ನಾಲಜಿ ಪಾರ್ಕ್ಸ್ ಸಂಸ್ಥೆ ನೋಂದಣಿಯಾಯಿತು. ಕಂಪ್ಯೂಟರ್ ಆಮದಿಗೆ ದೆಹಲಿ ಸುತ್ತಿ ಕಾಯುತ್ತಿದ್ದ ಕಂಪನಿಗಳಿಗೆ ದಾರಿ ಬಿಟ್ಟಿತು. ಮುಂದೆ ಹೊಸ ಶತಮಾನದಲ್ಲಿ ಮಾನ್ಯತಾ ಟೆಕ್ ಪಾರ್ಕ್ ಬಂತು. ತಣಿಸಂದ್ರ ಮುಖ್ಯರಸ್ತೆಯ ಎರಡೂ ಬದಿ ಅಪಾರ್ಟ್‌ಮೆಂಟುಗಳೆದ್ದವು. ಒಬ್ಬರ ಮಗ ಅಲ್ಲಿ ಎಂಜಿನಿಯರ್, ಇನ್ನೊಬ್ಬರ ಮಗ ಅದೇ ಗೇಟಿನಲ್ಲಿ ಸೆಕ್ಯುರಿಟಿ. ಇಬ್ಬರ ಅನ್ನವೂ ಅಮೆರಿಕದ ಗ್ರಾಹಕನ ಡಾಲರಿನಿಂದ. ಆದ್ದರಿಂದಲೇ 2008ರ ಸೆಪ್ಟೆಂಬರಿನಲ್ಲಿ ನ್ಯೂಯಾರ್ಕಿನ ಲೀಮನ್ ಬ್ರದರ್ಸ್ ಬ್ಯಾಂಕು ದಿವಾಳಿಯಾದಾಗ ಬೆಂಗಳೂರಿನ ಕಂಪನಿಗಳಲ್ಲೂ ನೇಮಕಾತಿ ನಿಂತಿತು. ಮೇಲಿನ ಕೆರೆ ಒಡೆದರೆ ಕೆಳಗಿನ ಕೆರೆಯ ಏರಿಗೆ ಪೆಟ್ಟು ಬೀಳುತ್ತದಲ್ಲ, ಹಾಗೆ. 2020ರ ಮಾರ್ಚಿನಲ್ಲಿ ಕೊರೋನಾ ಬೀಗ ಬಿದ್ದಾಗಂತೂ ದೂಷಿಸಲು ಒಬ್ಬ ಮನುಷ್ಯನೂ ಇರಲಿಲ್ಲ. ಆಗಲೂ ಮೊದಲು ಊಟ ತಪ್ಪಿದ್ದು ಕಟ್ಟಡ ಕಾರ್ಮಿಕನಿಗೆ.

ಇನ್ನು ಆರಂಭದ ಆಟೋ ಯಜಮಾನರ ಮನೆಗೆ ಮರಳೋಣ. ಅಜ್ಜಿಯ ಪ್ರಶ್ನೆಗೆ ಉತ್ತರ ಕೊಡಬೇಕಲ್ಲ.

ಸರ ಬಿಡಿಸಿಕೊಳ್ಳಲು ಮತ್ತೊಂದು ಸಾಲ ಮಾಡದಿರುವುದು ಮೊದಲ ಕೆಲಸ. ಇರುವ ಸಾಲಗಳನ್ನೆಲ್ಲ ಒಂದು ಕಾಗದದಲ್ಲಿ, ಬಡ್ಡಿ ದರದ ಸಮೇತ, ಮಗಳು ಬರೆದಿಡಲಿ. ನೂರಕ್ಕೆ ತಿಂಗಳಿಗೆ 3 ರೂ. ಎಂದರೆ ವರ್ಷಕ್ಕೆ 36 ಎಂದು ಪಿಯುಸಿ ಓದುವವಳಿಗೆ ಗೊತ್ತಾಗುತ್ತದೆ, ಅಪ್ಪನಿಗೆ ಯಾರೂ ಹಾಗೆ ಹೇಳಿರುವುದಿಲ್ಲ. ದೊಡ್ಡ ಬಡ್ಡಿಯದನ್ನು ಮೊದಲು ತೀರಿಸಬೇಕು. ಬಂಗಾರವನ್ನೇ ಇಡುವುದಾದರೆ ಬ್ಯಾಂಕಿನಲ್ಲಿ ದರ ಎಷ್ಟೆಂದು ಕೇಳಿ ನೋಡಬೇಕು. ವಸೂಲಿಗೆ ಬಂದವರು ಬಾಗಿಲಲ್ಲಿ ಕುಳಿತು ಅವಮಾನ ಮಾಡಿದರೆ ಸುಮ್ಮನಿರಬೇಕಾಗಿಲ್ಲ. ಕಿರುಸಾಲ ವಸೂಲಿಯ ಕಿರುಕುಳ ತಡೆಯಲು ಕರ್ನಾಟಕ ಸರ್ಕಾರ 2025ರಲ್ಲಿ ಕಾನೂನು ತಂದಿದೆ.

ಚೀಟಿ ಹಾಕುವುದಾದರೆ ಅದು 1982ರ ಚಿಟ್ ಫಂಡ್ ಕಾಯಿದೆಯಡಿ ನೋಂದಾಯಿತವೇ ಎಂದು ಕೇಳಿ. ಬ್ಯಾಂಕಿನ ಠೇವಣಿಗೆ 2020ರಿಂದ 5 ಲಕ್ಷ ರೂ. ವರೆಗೆ ವಿಮೆ ಇದೆ. ಹೆಚ್ಚು ಲಾಭದ ಆಸೆ ತೋರಿಸುವ ಕಂಪನಿಗಳಿಗೆ ಅದಿಲ್ಲ. 2019ರಲ್ಲಿ ಶಿವಾಜಿನಗರದ ಐಎಂಎ ಕಂಪನಿ ಮುಳುಗಿದಾಗ ಹತ್ತಾರು ಸಾವಿರ ಮಂದಿ ದೂರು ಕೊಡಲು ಸಾಲುಗಟ್ಟಿ ನಿಂತರು. ಬಡ್ಡಿ ಮುಟ್ಟಬಾರದೆಂಬ ಶ್ರದ್ಧೆಯಿಂದ ಅಲ್ಲಿ ಹಣ ಹಾಕಿದ್ದವರು ಬಹಳ. "ಆಸೆಬುರುಕರು, ಅನುಭವಿಸಲಿ" ಎಂದು ನಕ್ಕವರನ್ನು ನಾನು ಒಪ್ಪುವುದಿಲ್ಲ. ಮಗಳ ಮದುವೆಗೆಂದು ಕೂಡಿಟ್ಟವಳ ತಪ್ಪೂ ಅದನ್ನು ಲೂಟಿ ಮಾಡಿದವನ ತಪ್ಪೂ ಒಂದೇ ತಕ್ಕಡಿಯಲ್ಲಿ ತೂಗುವಂಥವಲ್ಲ.

ಮೂರು ತಿಂಗಳ ಮನೆಖರ್ಚಿನಷ್ಟು ಹಣ ಬೇರೆ ಇಡಿ ಎಂದು ಅರ್ಥಶಾಸ್ತ್ರದವರು ಹೇಳುತ್ತಾರೆ. ಆಟೋ ಓಡಿಸುವವರಿಗೆ ಅದು ಹೇಳಿದಷ್ಟು ಸುಲಭವಲ್ಲ ಎಂದು ನನಗೂ ಗೊತ್ತು. ಮೂರು ತಿಂಗಳದು ಆಗದಿದ್ದರೆ ಮೂರು ವಾರದ್ದಾದರೂ ಆಗಲಿ. 1991ರಲ್ಲಿ ದೇಶದ ಬಳಿ ಅಷ್ಟೂ ಇರಲಿಲ್ಲ.

ಅಡವಿಟ್ಟ ಬಂಗಾರವೇನಾಯಿತೆಂದು ನಿಮಗೆ ಕುತೂಹಲವಿರಬಹುದು. ಆ ವರ್ಷ ಮುಗಿಯುವುದರೊಳಗೆ ಸಾಲ ತೀರಿಸಿ ಅದನ್ನು ಬಿಡಿಸಿಕೊಳ್ಳಲಾಯಿತು. 2009ರಲ್ಲಿ ಅಂತರರಾಷ್ಟ್ರೀಯ ಹಣಕಾಸು ನಿಧಿ ತನ್ನ ಬಂಗಾರ ಮಾರಲು ಹೊರಟಾಗ, ಒಂದು ಕಾಲಕ್ಕೆ ಅದರ ಬಾಗಿಲಲ್ಲಿ ಸಾಲಕ್ಕೆ ನಿಂತಿದ್ದ ಭಾರತವೇ 200 ಟನ್ ಕೊಂಡಿತು.

ನಿಮ್ಮ ಮನೆಯಲ್ಲಿ ಅಜ್ಜ ಅಜ್ಜಿಯರಿದ್ದರೆ ಈ ವಾರ ಅವರನ್ನು ಒಂದು ಮಾತು ಕೇಳಿ. 1991ರಲ್ಲಿ ಒಂದು ಸಿಲಿಂಡರಿಗೆ ಎಷ್ಟು ಕೊಡುತ್ತಿದ್ದಿರಿ, ಅಕ್ಕಿ ಸೇರಿಗೆ ಎಷ್ಟಿತ್ತು, ಆ ವರ್ಷ ಏನನ್ನು ಕೊಳ್ಳುವುದು ಬಿಟ್ಟಿರಿ ಎಂದು. ಹಳೆಯ ಲೆಕ್ಕದ ಪುಸ್ತಕ ಅಟ್ಟದ ಮೇಲಿದ್ದರೆ ಇಳಿಸಿ ನೋಡಿ, ತರಗತಿಗೆ ತನ್ನಿ.